30 ಕೋಟಿ ಫೋಟೊಗಳ ವಿಳಾಸ 5 ಜಿಬಿ ಮೆಮೊರಿಯಲ್ಲಿ: ಇನ್‌ಸ್ಟಾಗ್ರಾಮ್ ಪ್ರಕರಣ

ಒಂದು ಫೋಟೊ ಯಾರದು ಎಂದು ಹೇಳಬೇಕು. ಕೆಲಸ ಇಷ್ಟೇ. ಫೋಟೊದ ನಂಬರ್ ಕೊಟ್ಟರೆ ಅದನ್ನು ಹಾಕಿದವರ ನಂಬರ್ ಬರಬೇಕು. ಎರಡೂ ಬರೀ ಅಂಕಿ. ಒಂದು ಸಂಜೆಯಲ್ಲಿ ಮುಗಿದುಹೋಗುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ 2011ರಲ್ಲಿ ಇನ್‌ಸ್ಟಾಗ್ರಾಮ್‌ನವರಿಗೆ ಈ ಕೆಲಸ ಎದುರಾದಾಗ ಫೋಟೊಗಳು ಸುಮಾರು 30 ಕೋಟಿ ಇದ್ದವು. ಒಂದು ಫೋಟೊಗೆ ಒಂದೇ ಒಂದು ಬೈಟ್ ಜಾಸ್ತಿ ಖರ್ಚಾದರೂ 300 ಎಂಬಿ ಮೆಮೊರಿ ಹೋಯಿತು.

ನಮ್ಮ ಟೀಮಿಗೆ ಹೊಸಬರು ಬಂದಾಗಲೆಲ್ಲ ನಾನು ಈ ಕಥೆ ಹೇಳುತ್ತೇನೆ. ಬಂದವರು ಮೊದಲು ಕೇಳುವುದು, "ರೆಡಿಸ್ ಒಳ್ಳೆಯದಾ, ಮೆಮ್‌ಕ್ಯಾಶ್‌ಡಿ ಒಳ್ಳೆಯದಾ?" ಎಂದು. ಎರಡೂ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಬೇಗ ಹುಡುಕಿ ಕೊಡುವ ಸಾಫ್ಟ್‌ವೇರ್‌ಗಳು. ಏನನ್ನು ಇಡುತ್ತೀರಿ ಎಂದು ಹೇಳದೆ ಇದಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಇನ್‌ಸ್ಟಾಗ್ರಾಮ್‌ನವರು ಏನನ್ನು ಇಡಬೇಕಿತ್ತು, ಎಷ್ಟು ಜಾಗ ಹಿಡಿಯಿತು, ಏನು ಬದಲಿಸಿದರು ಎಂಬುದನ್ನೆಲ್ಲ ಬಿಚ್ಚಿ ಹೇಳಿದ್ದಾರೆ. ಹಾಗಾಗಿ ನಾವೂ ಪೆನ್ನು ಹಿಡಿದು ಅದೇ ಲೆಕ್ಕವನ್ನು ಮತ್ತೆ ಹಾಕಬಹುದು.

ಹಿನ್ನೆಲೆ

ಇನ್‌ಸ್ಟಾಗ್ರಾಮ್ ಶುರುವಾದದ್ದು 2010ರ ಅಕ್ಟೋಬರ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. 2011ರ ಕೊನೆಯ ಹೊತ್ತಿಗೆ 1.4 ಕೋಟಿ ಬಳಕೆದಾರರಿದ್ದರು. ಇದನ್ನೆಲ್ಲ ನಡೆಸುತ್ತಿದ್ದವರು ಮೂರೇ ಮೂರು ಇಂಜಿನಿಯರ್‌ಗಳು. ಈ ಮೂರು ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಸ್ವಂತ ಸರ್ವರ್ ಇರಲಿಲ್ಲ, ಎಲ್ಲವೂ ಅಮೆಜಾನ್‌ನ ಬಾಡಿಗೆ ಮಷೀನ್‌ಗಳು. ಫೋಟೊ ವಿವರ, ಬಳಕೆದಾರರ ವಿವರ ಎಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿತ್ತು. ಒಂದು ಡೇಟಾಬೇಸ್‌ಗೆ ಅಷ್ಟೂ ಹಿಡಿಸದೆ ಹೋದಾಗ ಅದನ್ನು ಹಲವು ತುಂಡು ಮಾಡಿದರು. ಇಂಥ ತುಂಡಿಗೆ ಶಾರ್ಡ್ ಎನ್ನುತ್ತಾರೆ. ಒಬ್ಬ ಬಳಕೆದಾರರ ಡೇಟಾ ಯಾವ ಶಾರ್ಡ್‌ನಲ್ಲಿದೆ ಎಂದು ತಿಳಿಯಲು ಅವರ ನಂಬರ್ ಬೇಕು.

ತೊಡಕು ಬಂದದ್ದು ಇಲ್ಲಿಯೇ. ಜನರ ಫೋನಿನಲ್ಲಿದ್ದ ಹಳೆಯ ಆ್ಯಪ್‌ಗಳು ಬರೀ ಫೋಟೊ ನಂಬರ್ ಕಳುಹಿಸುತ್ತಿದ್ದವು, ಯಾರ ಫೋಟೊ ಎಂದು ಹೇಳುತ್ತಿರಲಿಲ್ಲ. ಹೊಸ ಆ್ಯಪ್‌ಗಳು ಪೂರ್ತಿ ಮಾಹಿತಿ ಕಳುಹಿಸುತ್ತವೆ, ನಿಜ. ಆದರೆ ಎಲ್ಲರೂ ಅಪ್‌ಡೇಟ್ ಮಾಡುವವರೆಗೆ ಹಳೆಯ ಆ್ಯಪ್‌ಗಳಿಗೂ ಉತ್ತರ ಕೊಡಲೇಬೇಕು. ಹಾಗಾಗಿ ಮಧ್ಯೆ ಒಂದು ಪಟ್ಟಿ ಬೇಕಾಯಿತು: ಈ ಫೋಟೊ, ಇವರದು. ಮನೆ ಕಟ್ಟುವಾಗ ಸಾರುವೆ ಕಟ್ಟುತ್ತಾರಲ್ಲ, ಕೆಲಸ ಮುಗಿದ ಮೇಲೆ ಬಿಚ್ಚಿಹಾಕುವಂಥದ್ದು. ಈ ಪಟ್ಟಿಯೂ ಅಂಥದ್ದೇ.

ಅವರು ಹಾಕಿಕೊಂಡ ಷರತ್ತುಗಳು ನಾಲ್ಕು. ಹುಡುಕಾಟ ತುಂಬಾ ಬೇಗ ಆಗಬೇಕು. ಇಡೀ ಪಟ್ಟಿ ಮೆಮೊರಿಯಲ್ಲಿ ಹಿಡಿಸಬೇಕು; ಸಾಧ್ಯವಾದರೆ 17 ಜಿಬಿ ಅಥವಾ 34 ಜಿಬಿಯ ಮಷೀನ್ ಸಾಕಾಗಬೇಕು, 68 ಜಿಬಿಯದಕ್ಕೆ ಹೋಗಬಾರದು. ಈಗಾಗಲೇ ಬಳಸುತ್ತಿರುವ ಸಾಮಾನಿನ ಜೊತೆ ಹೊಂದಬೇಕು. ಮಷೀನ್ ಬಿದ್ದು ಎದ್ದರೆ ಪಟ್ಟಿಯನ್ನು ಮೊದಲಿನಿಂದ ತುಂಬುವ ಪರಿಸ್ಥಿತಿ ಬರಬಾರದು.

ಇದು ಕ್ಯಾಶ್ ಹೌದೋ ಅಲ್ಲವೋ

ನನ್ನ ಮಟ್ಟಿಗೆ ಇಡೀ ಪ್ರಕರಣ ನಿಂತಿರುವುದು ಆ ಕೊನೆಯ, ನಾಲ್ಕನೆಯ ಷರತ್ತಿನ ಮೇಲೆ.

ಮೆಮೊರಿಯಲ್ಲಿ ಇಡುವುದೆಲ್ಲ ಕ್ಯಾಶ್ ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಕ್ಯಾಶ್ ಎಂದರೆ ಇನ್ನೊಂದು ಕಡೆ ಇರುವುದರ ನಕಲು. ನಕಲು ಕಳೆದುಹೋದರೆ ಅಸಲು ಇದೆ, ಅಲ್ಲಿ ಕೇಳಬಹುದು, ಸ್ವಲ್ಪ ತಡವಾಗುತ್ತದೆ ಅಷ್ಟೇ. ಈ ಪಟ್ಟಿಯ ವಿಷಯದಲ್ಲಿ ಹಾಗೆ ಮಾಡಿ ನೋಡಿ. ಫೋಟೊ ನಂಬರ್ ಬಂತು. ಪಟ್ಟಿಯಲ್ಲಿ ಇಲ್ಲ. ಸರಿ, ಡೇಟಾಬೇಸ್ ಕೇಳೋಣ. ಯಾವ ಡೇಟಾಬೇಸ್? ಅದನ್ನು ತಿಳಿಯುವುದಕ್ಕೇ ಅಲ್ವಾ ಪಟ್ಟಿ ಇಟ್ಟದ್ದು! ಒಂದೊಂದೇ ಶಾರ್ಡ್‌ನ ಬಾಗಿಲು ತಟ್ಟುತ್ತಾ ಹೋಗಬೇಕು. ಒಂದು ಫೋಟೊಗಾದರೆ ಹೇಗೋ ನಡೆಯುತ್ತದೆ. ಪಟ್ಟಿ ಪೂರ್ತಿ ಖಾಲಿಯಾಗಿರುವಾಗ ಹಳೆಯ ಆ್ಯಪ್‌ನಿಂದ ಬರುವ ಪ್ರತಿ ಕೋರಿಕೆಯೂ ಎಲ್ಲ ಶಾರ್ಡ್‌ಗಳಿಗೆ ನುಗ್ಗಿದರೆ, ಪಟ್ಟಿಯ ಜೊತೆ ಡೇಟಾಬೇಸೂ ಮಲಗುತ್ತದೆ.

ಅಂದರೆ ಇದು ವಿಳಾಸದ ಪುಸ್ತಕ. ಕಳೆದುಕೊಳ್ಳುವಂತಿಲ್ಲ.

ಈ ಕಣ್ಣಿನಿಂದ ಅವರ ಮುಂದಿದ್ದ ದಾರಿಗಳನ್ನು ನೋಡಿದರೆ ಕೆಲವು ತಾವಾಗಿಯೇ ಬಿದ್ದುಹೋಗುತ್ತವೆ.

ಎಲ್ಲಕ್ಕಿಂತ ವೇಗದ್ದು, ಪ್ರೋಗ್ರಾಮಿನ ಒಳಗೇ ಒಂದು ಡಿಕ್ಷನರಿ (ಒಂದು ಹೆಸರು ಕೊಟ್ಟರೆ ಅದರ ಉತ್ತರ ಕೊಡುವ ಪಟ್ಟಿ) ಇಟ್ಟುಕೊಳ್ಳುವುದು. ನೆಟ್‌ವರ್ಕ್ ದಾಟುವ ಮಾತೇ ಇಲ್ಲ. ಆದರೆ ಅವರ ಪ್ರೋಗ್ರಾಮ್ ಪೈಥಾನ್ ಭಾಷೆಯ ಜ್ಯಾಂಗೊ ಎಂಬ ವೆಬ್ ಚೌಕಟ್ಟಿನಲ್ಲಿತ್ತು, 25ಕ್ಕೂ ಜಾಸ್ತಿ ಮಷೀನ್‌ಗಳಲ್ಲಿ ಓಡುತ್ತಿತ್ತು. ಆ ಮಷೀನ್‌ಗಳ ಮೆಮೊರಿ 7 ಜಿಬಿ ಮಾತ್ರ. ಆಗಿನ ಪೈಥಾನ್‌ನಲ್ಲಿ ಒಂದು ಪೂರ್ಣಾಂಕವೇ 24 ಬೈಟ್ ತಿನ್ನುತ್ತಿತ್ತು. ಎರಡು ಅಂಕಿಗೆ 48, ಮೇಲೆ ಡಿಕ್ಷನರಿಯ ಖರ್ಚು. 30 ಕೋಟಿಗೆ ಗುಣಿಸಿ ನೋಡುವ ಅಗತ್ಯವೂ ಇಲ್ಲ. ಪಟ್ಟಿ ಸಾವಿರಗಳಲ್ಲಿದ್ದಿದ್ದರೆ ನಾನು ಕಣ್ಣು ಮುಚ್ಚಿಕೊಂಡು ಇದನ್ನೇ ಆರಿಸುತ್ತಿದ್ದೆ.

ಎರಡನೆಯದು ಪೋಸ್ಟ್‌ಗ್ರೆಸ್‌ನಲ್ಲೇ ಎರಡು ಕಾಲಮ್ಮಿನ ಟೇಬಲ್. ಇದು ಅತಿಯಾಯಿತು ಎಂದು ಅವರು ಬಿಟ್ಟರು. ಒಮ್ಮೆ ಬರೆದ ನಂಬರ್ ಮತ್ತೆ ಬದಲಾಗುವುದಿಲ್ಲ, ಟ್ರಾನ್ಸ್ಯಾಕ್ಷನ್ ಬೇಡ, ಬೇರೆ ಟೇಬಲ್ ಜೊತೆ ನಂಟಿಲ್ಲ. ಅವರು ಜಾಗದ ಲೆಕ್ಕ ಕೊಟ್ಟಿಲ್ಲ, ನಾನು ಹಾಕಿದ್ದೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಾಲಿನ ತಲೆಗೆ 24 ಬೈಟ್, ಆ ಸಾಲು ಎಲ್ಲಿದೆ ಎಂದು ತೋರಿಸಲು 4, ಎರಡು ಅಂಕಿಗೆ 8. ಸಾಲನ್ನು ಬೇಗ ಹುಡುಕಲು ಇಡುವ ಇಂಡೆಕ್ಸ್‌ಗೆ ಸುಮಾರು 20 ಬೇರೆ. ಒಟ್ಟು 56ರ ಹತ್ತಿರ, ಅಂದರೆ 17 ಜಿಬಿ. ಪೂರ್ತಿ ಮೆಮೊರಿಯಲ್ಲಿ ಕೂರಿಸುವುದಾದರೆ 17 ಜಿಬಿಯ ಮಷೀನ್ ಆಗಲೇ ತುಂಬಿಹೋಯಿತು.

ಮೂರನೆಯದು ಮೆಮ್‌ಕ್ಯಾಶ್‌ಡಿ. 2003ರಲ್ಲಿ ಲೈವ್‌ಜರ್ನಲ್‌ಗಾಗಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಬರೆದದ್ದು. ಗಟ್ಟಿ ಸಾಮಾನು, ಹಲವು ಥ್ರೆಡ್‌ಗಳಲ್ಲಿ ಓಡುತ್ತದೆ. ಇನ್‌ಸ್ಟಾಗ್ರಾಮ್‌ನವರೇ ಬೇರೆ ಕೆಲಸಕ್ಕೆ ಅದನ್ನು ಬಳಸುತ್ತಿದ್ದರು. ಆದರೆ ಅದು ಅಪ್ಪಟ ಕ್ಯಾಶ್. ಡಿಸ್ಕ್‌ಗೆ ಬರೆದಿಡುವ ಜವಾಬ್ದಾರಿ ಅದರದ್ದಲ್ಲ, ರೀಸ್ಟಾರ್ಟ್ ಮಾಡಿದರೆ ಖಾಲಿ. ಜಾಗ ತುಂಬಿದರೆ ಹಳೆಯದನ್ನು ಸದ್ದಿಲ್ಲದೆ ಹೊರಗೆ ಹಾಕುತ್ತದೆ. ಕ್ಯಾಶ್‌ಗೆ ಇದು ಒಳ್ಳೆಯ ಗುಣ. ವಿಳಾಸದ ಪುಸ್ತಕ ತನ್ನ ಹಾಳೆಯನ್ನು ತಾನೇ ಹರಿದುಕೊಂಡರೆ ಹೇಗಿರುತ್ತದೆ ಹೇಳಿ.

ಉಳಿದದ್ದು ರೆಡಿಸ್. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಶುರು ಮಾಡಿದ್ದು. ಡೇಟಾ ಮೆಮೊರಿಯಲ್ಲಿರುತ್ತದೆ, ಆಗಾಗ ಡಿಸ್ಕ್‌ಗೆ ನಕಲು ಬರೆಯುತ್ತದೆ. ಕೊನೆಯ ನಕಲಿನ ನಂತರದ ಕೆಲವು ನಿಮಿಷಗಳ ಡೇಟಾ ಹೋಗಬಹುದು. ಅಷ್ಟನ್ನು ಹುಡುಕಿ ತುಂಬುವುದು ಕಷ್ಟವಲ್ಲ, 30 ಕೋಟಿಯನ್ನು ತುಂಬುವುದು ಕಷ್ಟ. ಫೀಡ್‌ಗೆ, ಸೆಷನ್‌ಗೆ ಅವರಲ್ಲಿ ರೆಡಿಸ್ ಆಗಲೇ ಓಡುತ್ತಿತ್ತು. ಮೂವರೇ ಇರುವ ಟೀಮಿನಲ್ಲಿ ರಾತ್ರಿ ಎದ್ದು ನೋಡಬೇಕಾದ ಹೊಸ ಸಾಮಾನು ಒಂದು ಕಮ್ಮಿ ಆಯಿತು ಎಂದರೆ ಅದು ಸಣ್ಣ ಲಾಭವಲ್ಲ.

ಒಂದೊಂದು ಕಡಲೆಬೀಜಕ್ಕೂ ಒಂದೊಂದು ಪೊಟ್ಟಣ

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದರು. ಪ್ರತಿ ಫೋಟೊಗೆ ಒಂದು ಕೀ. ಕೀ ಎಂದರೆ ಹುಡುಕಲು ಕೊಡುವ ಹೆಸರು, ಬೆಲೆ ಎಂದರೆ ಅದಕ್ಕೆ ಸಿಗುವ ಉತ್ತರ. ಕೀ ಹೆಸರು "ಮೀಡಿಯಾ:1155315", ಅದರ ಬೆಲೆ "939". 1155315ನೇ ಫೋಟೊ 939ನೇ ಬಳಕೆದಾರರದು ಎಂದರ್ಥ. 10 ಲಕ್ಷ ಕೀಗಳನ್ನು ತುಂಬಿ ಮೆಮೊರಿ ನೋಡಿದರು. 70 ಎಂಬಿ. 30 ಕೋಟಿಗೆ 21 ಜಿಬಿ. 17 ಜಿಬಿಯ ಮಷೀನ್ ಕೈಬಿಟ್ಟಿತು.

ಒಂದು ಕೀಗೆ 70 ಬೈಟ್ ಎಂದರೆ ನಿಜಕ್ಕೂ ಅತಿ. ಎರಡು ಅಂಕಿಗಳನ್ನು ಕಂಪ್ಯೂಟರ್ ಭಾಷೆಯಲ್ಲಿ ಬರೆದರೆ 8 ಬೈಟ್ ಸಾಕು. ಉಳಿದದ್ದು ಎಲ್ಲಿಗೆ ಹೋಯಿತು? ರೆಡಿಸ್ ಒಳಗೆ ಒಂದು ದೊಡ್ಡ ಹ್ಯಾಶ್ ಟೇಬಲ್ (ಕೀ ಕೊಟ್ಟರೆ ನೇರ ಅದರ ಜಾಗಕ್ಕೆ ಹೋಗುವ ಕೋಷ್ಟಕ) ಇದೆ. ಅದರಲ್ಲಿ ಪ್ರತಿ ಕೀಗೆ ಒಂದು ಎಂಟ್ರಿ: ಕೀ ಎಲ್ಲಿದೆ, ಬೆಲೆ ಎಲ್ಲಿದೆ, ಮುಂದಿನ ಎಂಟ್ರಿ ಎಲ್ಲಿದೆ. ಮೂರು ಪಾಯಿಂಟರ್ (ಮೆಮೊರಿಯ ಒಂದು ಜಾಗದ ವಿಳಾಸ), 24 ಬೈಟ್. ಟೇಬಲ್‌ನಲ್ಲಿ ಆ ಎಂಟ್ರಿಯನ್ನು ತೋರಿಸಲು ಇನ್ನೊಂದು ಪಾಯಿಂಟರ್, 8. ಕೀಯ 13 ಅಕ್ಷರಗಳಿಗೆ ಉದ್ದ ಗಿದ್ದ ಬರೆದಿಡುವ ಜಾಗ ಸೇರಿ 22. ಬೆಲೆಯನ್ನು ಸುತ್ತಿಡುವ ವಸ್ತುವಿಗೆ 16. ಕೂಡಿಸಿ, 70 ಬರುತ್ತದೆ. ಮೆಮೊರಿ ಹಂಚುವವನು ಪ್ರತಿ ತುಂಡನ್ನೂ ಒಂದಿಷ್ಟು ಮೇಲಕ್ಕೆ ದುಂಡಗೆ ಮಾಡುತ್ತಾನೆ. ಸಣ್ಣ ಅಂಕಿಗಳನ್ನು ಹಂಚಿಕೊಂಡು ರೆಡಿಸ್ ಒಂದಿಷ್ಟು ಉಳಿಸುತ್ತದೆ. ಹಾಗಾಗಿ ಸ್ವಲ್ಪ ಆಚೀಚೆ ಆಗಬಹುದು.

ಒಂದೊಂದು ಕಡಲೆಬೀಜವನ್ನೂ ಬೇರೆ ಬೇರೆ ಕಾಗದದಲ್ಲಿ ಪೊಟ್ಟಣ ಕಟ್ಟಿದ ಹಾಗಾಯಿತು. ತೂಕವೆಲ್ಲ ಕಾಗದದ್ದೇ.

ಕುತೂಹಲಕ್ಕೆಂದು ಅದೇ 10 ಲಕ್ಷ ಕೀಗಳನ್ನು ಮೆಮ್‌ಕ್ಯಾಶ್‌ಡಿಗೂ ತುಂಬಿ ನೋಡಿದ್ದರು. 52 ಎಂಬಿ. 30 ಕೋಟಿಗೆ ಗುಣಿಸಿದರೆ 15.6 ಜಿಬಿ, ಅಂದರೆ 17 ಜಿಬಿಯ ಮಷೀನ್‌ನಲ್ಲಿ ಉಸಿರು ಬಿಗಿಹಿಡಿದು ಕೂರುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಬರೀ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಮೆಮ್‌ಕ್ಯಾಶ್‌ಡಿ ಗೆದ್ದ ಹಾಗೆ ಕಾಣುತ್ತದೆ. ಎಷ್ಟೋ ಆಫೀಸುಗಳಲ್ಲಿ ಚರ್ಚೆ ಇಲ್ಲಿಗೇ ಮುಗಿದಿರುತ್ತಿತ್ತು.

ಸಾವಿರದಿಂದ ಭಾಗಿಸಿ

ಅವರು ರೆಡಿಸ್ ಬರೆಯುವವರಲ್ಲಿ ಒಬ್ಬರಾದ ಪೀಟರ್ ನೂರ್ಡ್‌ಹಾಯ್ಸ್ ಅವರನ್ನು ಕೇಳಿದರು. ಹ್ಯಾಶ್ ಬಳಸಿ ಎಂಬ ಸಲಹೆ ಬಂತು.

ರೆಡಿಸ್‌ನಲ್ಲಿ ಹ್ಯಾಶ್ ಎಂದರೆ ಒಂದು ಕೀ ಒಳಗೆ ಹಲವು ಜೋಡಿಗಳು. ಜೋಡಿಗಳು ಕಮ್ಮಿ ಇದ್ದಾಗ ರೆಡಿಸ್ ಒಳಗೊಳಗೇ ಒಂದು ಜಾಣತನ ಮಾಡುತ್ತದೆ. ಹ್ಯಾಶ್ ಟೇಬಲ್ ಕಟ್ಟುವ ಗೋಜಿಗೇ ಹೋಗದೆ ಎಲ್ಲವನ್ನೂ ಒಂದರ ಹಿಂದೆ ಒಂದು, ಒಂದೇ ಪಟ್ಟಿಯಾಗಿ ಬರೆದಿಡುತ್ತದೆ. ಉದ್ದ, ಹೆಸರು, ಉದ್ದ, ಬೆಲೆ, ಮತ್ತೆ ಉದ್ದ, ಹೆಸರು, ಹೀಗೆ. ಪಾಯಿಂಟರ್ ಇಲ್ಲ. ಆಗ ಇದರ ಹೆಸರು ಜಿಪ್‌ಮ್ಯಾಪ್. ಎಷ್ಟು ಜೋಡಿಗಳವರೆಗೆ ಹೀಗೆ ಇಡಬೇಕು ಎಂಬುದಕ್ಕೆ ಕಾನ್ಫಿಗ್ ಫೈಲಿನಲ್ಲಿ ಒಂದು ಮಿತಿ ಇದೆ. ಮಿತಿ ದಾಟಿದರೆ ಅದು ಮಾಮೂಲಿ ಹ್ಯಾಶ್ ಟೇಬಲ್ ಆಗಿಬಿಡುತ್ತದೆ.

ಮಾಡಿದ್ದಿಷ್ಟು: ಫೋಟೊ ನಂಬರನ್ನು 1000ದಿಂದ ಭಾಗಿಸಿದರು, ಶೇಷ ಬಿಟ್ಟರು. 1155315 ಆದರೆ 1155 ಬಂತು. ಹ್ಯಾಶ್ ಹೆಸರು "ಮೀಡಿಯಾಬಕೆಟ್:1155". ಅದರೊಳಗೆ "1155315" ಎಂಬ ಹೆಸರಿಗೆ "939" ಎಂಬ ಬೆಲೆ. ಹುಡುಕುವಾಗಲೂ ಇದೇ ಭಾಗಾಕಾರ. ಕೋಡ್‌ನಲ್ಲಿ ಬದಲಾದದ್ದು ಒಂದೆರಡು ಸಾಲು. 30 ಕೋಟಿ ಪೊಟ್ಟಣಗಳ ಬದಲು 3 ಲಕ್ಷ ಚೀಲಗಳು. ಕಾಗದದ ಖರ್ಚು ಚೀಲಕ್ಕೊಮ್ಮೆ ಮಾತ್ರ.

10 ಲಕ್ಷ ಜೋಡಿಗಳಿಗೆ 16 ಎಂಬಿ. 30 ಕೋಟಿಗೆ 5 ಜಿಬಿಗಿಂತ ಸ್ವಲ್ಪ ಕಮ್ಮಿ. 34 ಜಿಬಿ ಮಷೀನ್ ಬಗ್ಗೆ ಯೋಚಿಸುತ್ತಿದ್ದವರಿಗೆ ಅಮೆಜಾನ್‌ನ 7.5 ಜಿಬಿಯ ಮಷೀನ್, ಎಂ1 ಲಾರ್ಜ್, ಸಾಕಾಯಿತು. ಬಾಡಿಗೆ ಸುಮಾರು ಮೂರನೇ ಒಂದು ಭಾಗ.

1000 ಯಾಕೆ? ಮಿತಿಯನ್ನು ಅಷ್ಟಕ್ಕೇ ಇಟ್ಟಾಗ ಚೆನ್ನಾಗಿ ಕೆಲಸ ಮಾಡಿತು, ಇನ್ನೂ ಏರಿಸಿದರೆ ಬರೆಯುವಾಗ ಸಿಪಿಯು ಮೇಲೆ ಕಣ್ಣಿಗೆ ಕಾಣುವಷ್ಟು ಹೊರೆ ಬೀಳುತ್ತಿತ್ತು. ಕಾರಣ ಊಹಿಸಬಹುದು. ಪಾಯಿಂಟರ್ ಇಲ್ಲದ ಪಟ್ಟಿಯಲ್ಲಿ ಏನನ್ನಾದರೂ ಹುಡುಕಬೇಕೆಂದರೆ ಮೊದಲಿನಿಂದ ಓದುತ್ತಾ ಹೋಗಬೇಕು. ಕಾಗದದ ಮೇಲೆ ಇದು ನಿಧಾನದ ದಾರಿ. ಆದರೆ ಒಂದು ಚೀಲದ ಗಾತ್ರ ನೋಡಿ: ಒಂದು ಜೋಡಿಗೆ 13 ಬೈಟ್ ಹಿಡಿದರೂ ಸಾವಿರಕ್ಕೆ 13 ಕೆಬಿ. ಪ್ರೊಸೆಸರ್‌ನ ಅತಿ ಹತ್ತಿರದ ಕ್ಯಾಶ್ ಸಾಮಾನ್ಯವಾಗಿ 32 ಕೆಬಿ ಇರುತ್ತದೆ. ಇಡೀ ಚೀಲ ಅದರೊಳಗೆ ಕೂರುತ್ತದೆ. ಹಾಗಾಗಿ ಸಾಲಾಗಿ ಓದುವುದು ಹೆದರುವಷ್ಟು ದುಬಾರಿಯಲ್ಲ. ಮೆಮೊರಿಯ ಮೂಲೆ ಮೂಲೆಗೆ ನೆಗೆಯುವುದೇ ಎಷ್ಟೋ ಸಲ ಜಾಸ್ತಿ ಹೊತ್ತು ತಿನ್ನುತ್ತದೆ.

ನಾನು ಒಪ್ಪದ ಕಡೆ

ಚೀಲದ ಒಳಗೆ ಅವರು ಹೆಸರಾಗಿ ಪೂರ್ತಿ ನಂಬರನ್ನೇ ಬರೆದರು: "1155315". ಆದರೆ ಚೀಲದ ಹೆಸರಿನಲ್ಲೇ 1155 ಇದೆ. ಒಳಗೆ "315" ಎಂದು ಬರೆದಿದ್ದರೆ ಸಾಕಿತ್ತು. ಸಣ್ಣ ವಿಷಯ ಅನ್ನಿಸುತ್ತದೆ. ಜಿಪ್‌ಮ್ಯಾಪ್ ಅಂಕಿಗಳನ್ನು ಅಕ್ಷರಗಳಾಗಿಯೇ ಇಡುತ್ತಿತ್ತು, ಒಂದು ಅಂಕಿಗೆ ಒಂದು ಬೈಟ್. ಫೋಟೊ ನಂಬರ್ 9 ಅಂಕಿ ಮುಟ್ಟಿದಾಗ ಪ್ರತಿ ಜೋಡಿಯಲ್ಲೂ 6 ಬೈಟ್ ಸುಮ್ನೆ ಹೋಗುತ್ತದೆ. 30 ಕೋಟಿಗೆ 1.8 ಜಿಬಿ.

ಇದರಿಂದಲೇ ಇನ್ನೊಂದು ಅನುಮಾನ ಹುಟ್ಟುತ್ತದೆ. ಅವರು ತೋರಿಸಿದ ಉದಾಹರಣೆಯಲ್ಲಿ ಫೋಟೊ ನಂಬರ್ 7 ಅಂಕಿ, ಬಳಕೆದಾರರ ನಂಬರ್ 3 ಅಂಕಿ. ಉದ್ದ ಗಿದ್ದ ಬರೆಯುವ 3 ಬೈಟ್ ಸೇರಿ 13. ನಿಜವಾದ ಪಟ್ಟಿಯಲ್ಲಿ ಬಹುಪಾಲು ಫೋಟೊಗಳ ನಂಬರ್ 9 ಅಂಕಿಯದಾಗಿರುತ್ತದೆ, 1.4 ಕೋಟಿ ಜನರಿರುವಾಗ ಬಳಕೆದಾರರ ನಂಬರ್ 8 ಅಂಕಿಯವರೆಗೆ ಹೋಗುತ್ತದೆ. ಆಗ ಒಂದು ಜೋಡಿಗೆ 20 ಬೈಟ್, ಒಟ್ಟು 6 ಜಿಬಿ. 7.5 ಜಿಬಿಯಲ್ಲಿ ಹಿಡಿಸುತ್ತದೆ, ಆದರೆ ಡಿಸ್ಕ್‌ಗೆ ನಕಲು ಬರೆಯುವಾಗ ಬೇಕಾಗುವ ಹೆಚ್ಚುವರಿ ಮೆಮೊರಿ ನೆನೆದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಹೆಸರನ್ನು ಮೊಟಕು ಮಾಡಿದರೆ 14 ಬೈಟ್, 4.2 ಜಿಬಿ.

ಇನ್ನೂ ಮುಂದೆ ಹೋಗಬಹುದಿತ್ತು. ಫೋಟೊ ನಂಬರ್‌ಗಳು 1, 2, 3 ಎಂದು ಒತ್ತಾಗಿ ಸಾಗಿದ್ದರೆ ಹೆಸರೇ ಬೇಡ. ಬರೀ ಬಳಕೆದಾರರ ನಂಬರ್‌ಗಳನ್ನು 4 ಬೈಟ್‌ನಂತೆ ಸಾಲಾಗಿ ಇಟ್ಟು, ಫೋಟೊ ನಂಬರನ್ನು 4ರಿಂದ ಗುಣಿಸಿ ಆ ಜಾಗಕ್ಕೆ ನೇರ ಹೋಗಬಹುದು. ಒಟ್ಟು 1.2 ಜಿಬಿ. ಒಂದು ಸ್ಟ್ರಿಂಗ್‌ನ ನಡುವಿನ ತುಂಡನ್ನು ಬರೆಯುವ, ಓದುವ ಕಮಾಂಡ್‌ಗಳು ರೆಡಿಸ್‌ನಲ್ಲಿ ಆಗಲೇ ಇದ್ದವು. ಒಂದು ಸ್ಟ್ರಿಂಗ್‌ಗೆ 512 ಎಂಬಿ ಮಿತಿ ಇರುವುದರಿಂದ ಮೂರು ಸ್ಟ್ರಿಂಗ್ ಬೇಕಾಗುತ್ತಿತ್ತು.

ನಾನು ಆ ಮೂವರಲ್ಲಿ ಒಬ್ಬನಾಗಿದ್ದರೆ ಇದನ್ನು ಮಾಡುತ್ತಿದ್ದೆನೇ? ಇಲ್ಲ. ನಂಬರ್‌ಗಳ ಮಧ್ಯೆ ಅಂತರ ಬಿದ್ದಷ್ಟೂ ಜಾಗ ವ್ಯರ್ಥ. ಏನಾದರೂ ಎಡವಟ್ಟಾದಾಗ ಟರ್ಮಿನಲ್ ತೆರೆದು ನೋಡಿದರೆ ಕಾಣುವುದು ಅರ್ಥವಾಗದ ಬೈಟ್‌ಗಳ ರಾಶಿ. ಹ್ಯಾಶ್ ಆದರೆ ಒಂದು ಕಮಾಂಡ್ ಹೊಡೆದರೆ "939" ಎಂದು ಕಾಣುತ್ತದೆ. 5 ಜಿಬಿ ಸಣ್ಣ ಮಷೀನ್‌ನಲ್ಲಿ ಕೂತ ಮೇಲೆ ಅದನ್ನು 1.2ಕ್ಕೆ ಇಳಿಸಿ ಉಳಿಯುವುದು ಎಷ್ಟು? ಬಿಚ್ಚಿಹಾಕುವ ಸಾರುವೆಗೆ ಪಾಲಿಶ್ ಯಾಕೆ?

ಹಾಗೆಂದು ರೆಡಿಸ್‌ಗೆ ಅವರು ಅಂಟಿಕೊಂಡು ಕೂರಲೂ ಇಲ್ಲ. ಮುಂದೆ ಫೇಸ್‌ಬುಕ್ ಕೊಂಡ ಮೇಲೆ, ಲೈಕು ಕಾಮೆಂಟುಗಳನ್ನು ತೋರಿಸುವ ಆ್ಯಕ್ಟಿವಿಟಿ ಫೀಡನ್ನು ರೆಡಿಸ್‌ನಿಂದ ಕಸಾಂಡ್ರ ಎಂಬ, ಡಿಸ್ಕ್‌ನಲ್ಲಿ ಡೇಟಾ ಇಡುವ ಡೇಟಾಬೇಸ್‌ಗೆ ಸಾಗಿಸಿದರು. ದಿನದಿನಕ್ಕೆ ಬೆಳೆಯುತ್ತಲೇ ಇರುವ ಡೇಟಾವನ್ನು ದುಬಾರಿ ಮೆಮೊರಿಯಲ್ಲಿ ಇಟ್ಟುಕೊಂಡು ಕೂರುವುದು ಕಟ್ಟುವುದಿಲ್ಲ ಎಂಬುದು ಅಲ್ಲಿನ ಲೆಕ್ಕ. ಅದೇ ಮನೆ, ಅದೇ ಸಾಮಾನು, ಡೇಟಾ ಬೇರೆ.

ಈಗ ಮಾಡುವವರಿಗೆ

ಜಿಪ್‌ಮ್ಯಾಪ್ ಈಗ ಬಳಕೆಯಲ್ಲಿಲ್ಲ. ರೆಡಿಸ್ 2.6ರಲ್ಲಿ ಅದರ ಜಾಗಕ್ಕೆ ಜಿಪ್‌ಲಿಸ್ಟ್ ಬಂತು, 7.0ರಲ್ಲಿ ಲಿಸ್ಟ್‌ಪ್ಯಾಕ್. ಇವೆರಡೂ ಸಂಖ್ಯೆಯನ್ನು ಅಕ್ಷರಗಳಾಗಿ ಬಿಡಿಸದೆ ಸಂಖ್ಯೆಯಾಗಿಯೇ ಇಡುತ್ತವೆ, ಇನ್ನೂ ಜಾಗ ಉಳಿಯುತ್ತದೆ. ಹ್ಯಾಶ್ ಒಳಗಿನ ಒಂದೊಂದು ಜೋಡಿಗೂ ತಾನಾಗಿ ಅಳಿದುಹೋಗುವ ಬೇರೆ ಬೇರೆ ಅವಧಿ ಹಾಕಲು ಮೊದಲು ಆಗುತ್ತಿರಲಿಲ್ಲ, 2024ರ 7.4ರಿಂದ ಆಗುತ್ತದೆ. ಅದೇ ವರ್ಷ ಮಾರ್ಚ್‌ನಲ್ಲಿ ರೆಡಿಸ್ ಲೈಸೆನ್ಸ್ ಬದಲಾಯಿತು. ಹಳೆಯ ಕೋಡ್‌ನಿಂದ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವಾಲ್ಕೀ ಹುಟ್ಟಿಕೊಂಡಿತು. ಈ ಚೀಲದ ಉಪಾಯ ಎರಡರಲ್ಲೂ ನಡೆಯುತ್ತದೆ.

ನಡೆಯುತ್ತದೆ ಎಂದೆ. ನಮಗೆ ಮೊದಲ ಸಲ ನಡೆಯಲಿಲ್ಲ. ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಇಂಥದ್ದೇ ಒಂದು ಪಟ್ಟಿ ಬೇಕಾಗಿತ್ತು. ಸಾವಿರದಿಂದ ಭಾಗಿಸುವ ಕೋಡ್ ಬರೆದೆ. ಮೂರು ನಂಬರ್‌ಗಳಲ್ಲಿ ಒಂದನ್ನು ಆರಿಸಿ ತುಂಬಿ ನೋಡಿದೆ, ಮೆಮೊರಿ ಸೊಗಸಾಗಿತ್ತು. ಎಲ್ಲರಿಗೂ ಗ್ರಾಫ್ ತೋರಿಸಿದೆ. ನಿಜವಾದ ಪೂರ್ತಿ ಡೇಟಾ ತುಂಬಿದ ದಿನ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಏರಿತು. ಕೋಡ್ ಎಲ್ಲ ಸರಿಯಾಗಿಯೇ ಇತ್ತು. ಸಂಜೆಯಾದ ಮೇಲೆ ಜೊತೆಗಿದ್ದ ಹುಡುಗಿ ಕೇಳಿದಳು, "ಸರ್, ಕಾನ್ಫಿಗ್‌ನಲ್ಲಿ ಮಿತಿ ಎಷ್ಟಿದೆ?"

512 ಇತ್ತು. ಅದು ಮೊದಲಿನಿಂದ ಬರುವ ಮಿತಿ, ನಾವು ಮುಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಚೀಲಕ್ಕೆ ಮುನ್ನೂರು ಚಿಲ್ಲರೆ ಜೋಡಿಗಳು ಮಾತ್ರ ಬಿದ್ದಿದ್ದವು, ಮಿತಿಯ ಒಳಗೇ ಇದ್ದೆವು. ನಿಜವಾದ ಡೇಟಾದಲ್ಲಿ 513ನೆಯದು ಬಿದ್ದ ಕೂಡಲೇ ಒಂದೊಂದೇ ಚೀಲ ಸದ್ದಿಲ್ಲದೆ ಹ್ಯಾಶ್ ಟೇಬಲ್ ಆಗುತ್ತಾ ಹೋಗಿತ್ತು. ಒಂದು ಕೀ ಒಳಗೆ ಹೇಗೆ ಕೂತಿದೆ ಎಂದು ಹೇಳುವ ಕಮಾಂಡ್ ರೆಡಿಸ್‌ನಲ್ಲಿದೆ, ಆಬ್ಜೆಕ್ಟ್ ಎನ್‌ಕೋಡಿಂಗ್ ಎಂದು. ಬೆಳಿಗ್ಗೆಯೇ ಅದನ್ನು ಓಡಿಸಿದ್ದರೆ ಐದು ನಿಮಿಷದ ಕೆಲಸ.

ಮಿತಿಯನ್ನು 1000 ಮಾಡಿದೆವು. ಮೆಮೊರಿ ಒಂದು ಚೂರೂ ಇಳಿಯಲಿಲ್ಲ. ಒಮ್ಮೆ ಟೇಬಲ್ ಆದ ಚೀಲ ತಾನಾಗಿ ಮತ್ತೆ ಪಟ್ಟಿಯಾಗುವುದಿಲ್ಲ ಎಂದು ಆಗ ಗೊತ್ತಾಯಿತು. ಡಿಸ್ಕ್‌ಗೆ ನಕಲು ಬರೆಸಿ, ರೀಸ್ಟಾರ್ಟ್ ಮಾಡಿ, ಹೊಸದಾಗಿ ಓದಿಸಿದ ಮೇಲೆ ಗ್ರಾಫ್ ಕೆಳಗೆ ಬಂತು. ಆ ಹುಡುಗಿ ಆಗಲೇ ಬಸ್ಸು ಹಿಡಿದು ಹೋಗಿದ್ದಳು. ಗ್ರಾಫಿನ ಫೋಟೊ ತೆಗೆದು ಅವಳಿಗೆ ಕಳುಹಿಸಿದೆ.